ತೂತು ಬಾಟಲಿ ಮತ್ತು ಎರಡು ಮಾರ್ಕು

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ. ಇಲ್ಲಾದರೂ ಹೇಳಿಕೊಳ್ಳುತ್ತೇನೆ.

ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಟೆಸ್ಟ್ ಪೇಪರ್ ಹಿಡಿದು ಮುಖ ಊದಿಸಿಕೊಂಡು ಬಂದಳು. ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳು ತೇಲುವುದೇಕೆ ಅಂತ ಎರಡು ಮಾರ್ಕಿನ ಪ್ರಶ್ನೆ. 'ಅವರೂ ನಿಲ್ದಾಣವೂ ಒಟ್ಟಿಗೇ ಬೀಳುತ್ತಿರುವುದರಿಂದ' ಅಂತ ಬರೆದಿದ್ದಾಳೆ. ಅದಕ್ಕೆ ಕೆಂಪು ಇಂಕಿನಲ್ಲಿ ದಪ್ಪ ಇಂಟು. ಪಕ್ಕದಲ್ಲಿ 'ಸರಿ ಉತ್ತರ': ಅಲ್ಲಿ ಗುರುತ್ವಾಕರ್ಷಣೆ ಇಲ್ಲ.

ಇಲ್ವಂತೆ! ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಮೇಲೆ. ಹೆಚ್ಚುಕಮ್ಮಿ ಮೈಸೂರಿಂದ ಹುಬ್ಬಳ್ಳಿಗೆ ಹೋದಷ್ಟು. ಅಷ್ಟಕ್ಕೇ ಭೂಮಿ ಕೈ ಬಿಡುತ್ತಾ? ನೆಲದ ಮೇಲೆ ಭೂಮಿಯ ಎಳೆತದ ಅಳತೆ, ಅಂದರೆ ಜಿ ಬೆಲೆ, 9.8 ಇದ್ದರೆ ಅಲ್ಲಿ 8.7ರ ಹತ್ತಿರ ಇದೆ. 3,84,000 ಕಿಲೋಮೀಟರ್ ದೂರದ ಚಂದ್ರನನ್ನೇ ಭೂಮಿ ಹಿಡಿದುಕೊಂಡಿದೆ. ಬೀಳುವ ಕಲ್ಲನ್ನು ಎಳೆಯುವ ಬಲವೇ ಚಂದ್ರನನ್ನೂ ಎಳೆಯುತ್ತದೆ ಅಂತ ನ್ಯೂಟನ್ 1687ರಲ್ಲೇ ಬರೆದಿಟ್ಟ. ನಮಗಿನ್ನೂ ಸುದ್ದಿ ತಲುಪಿಲ್ಲ.

ನಿಲ್ದಾಣ ಗಂಟೆಗೆ ಸುಮಾರು 28 ಸಾವಿರ ಕಿಲೋಮೀಟರ್ ವೇಗದಲ್ಲಿ ಅಡ್ಡಡ್ಡ ಓಡುತ್ತಿದೆ. ಬೀಳುತ್ತಲೂ ಇದೆ. ಆದರೆ ಅದು ಬೀಳುವಷ್ಟೇ ಭೂಮಿಯ ದುಂಡು ಮೈಯೂ ಬಾಗಿಕೊಂಡು ಹೋಗುತ್ತದೆ. ನೆಲ ಸಿಗುವುದೇ ಇಲ್ಲ. ದಸರಾ ಎಕ್ಸಿಬಿಷನ್ನಿನ ಜೈಂಟ್ ವೀಲ್ ಇಳಿಯುವಾಗ ಹೊಟ್ಟೆ ಜುಂ ಅನ್ನುತ್ತಲ್ಲ, ಅದೇ ಇದು. ಅವರಿಗೆ ಜಾಸ್ತಿ, ತಿಂಗಳುಗಟ್ಟಲೆ.

'ಪಾಪ ಕಣೋ, ಮಿಸ್ಸಿಗೆ ಅರವತ್ತು ಪೇಪರ್ ತಿದ್ದೋದಿರುತ್ತೆ' ಅಂದಳು ಅಕ್ಕ. ಪಾಪವೇ. ಆದರೆ ಇಂಟು ಹಾಕೋಕೆ ಹಿಡಿಯುವಷ್ಟೇ ಹೊತ್ತು ರೈಟ್ ಹಾಕೋಕೂ ಸಾಕು ಅಲ್ವಾ? ಮಗಳಿಗೆ ಬೇರೆ ಬುದ್ಧಿ ಹೇಳಿದಳು: 'ಮಿಸ್ ಕೊಟ್ಟಿದ್ದನ್ನ ಸುಮ್ನೆ ಬರಿ. ನಿಮ್ಮ ಮಾವನ ಮಾತು ಕಟ್ಟಿಕೊಂಡರೆ ಮಾರ್ಕ್ಸ್ ಬರಲ್ಲ.'

ಈ ಮಾವನ ಕತೆಯೂ ಇದೆ. ಬಿಎಸ್ಸಿ ಎರಡನೇ ವರ್ಷದ ತನಕ ನಾನೂ 'ಗುರುತ್ವ ಇಲ್ಲ' ಪಾರ್ಟಿಯೇ. ಅದನ್ನೇ ಬರೆದು ಪೂರ್ತಿ ಮಾರ್ಕು ಹೊಡೆದಿದ್ದೆ. ಮನೆಪಾಠಕ್ಕೆ ಬರುತ್ತಿದ್ದ ನಾಲ್ಕೈದು ಹುಡುಗರಿಗೂ ಅದನ್ನೇ ಉರು ಹೊಡೆಸಿದ್ದೆ. ಅವರಲ್ಲಿ ಯಾರಾದರೂ ಓದುತ್ತಿದ್ದರೆ, ಸಾರಿ ಕಣ್ರಪ್ಪಾ.

ಬೆಳಿಗ್ಗೆ ತಡೆಯಲಾಗಲಿಲ್ಲ. ದಬ್ಬಳ ಕಾಯಿಸಿ ಪ್ಲಾಸ್ಟಿಕ್ ಬಾಟಲಿಯ ತಳದ ಹತ್ತಿರ ತೂತು ಮಾಡಿದೆ. ನೀರು ತುಂಬಿ ಮುಚ್ಚಳ ತೆಗೆದರೆ ಸರ್ರಂತ ಚಿಮ್ಮುತ್ತಿತ್ತು. ಟೆರೇಸಿನಿಂದ ಕೈಬಿಟ್ಟೆ. ಅಕ್ಕನ ಮಗಳು ಕೆಳಗೆ ನಿಂತು ಮೊಬೈಲಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿದಳು. ಬಾಟಲಿ ನೆಲ ಮುಟ್ಟುವ ತನಕ ತೂತಿನಿಂದ ಚಿಮ್ಮುವುದು ನಿಂತೇ ಹೋಗಿತ್ತು! ನೀರೂ ಬಾಟಲಿಯೂ ಒಟ್ಟಿಗೇ ಬೀಳುವಾಗ ನೀರು ಬಾಟಲಿಯನ್ನು ಒತ್ತುವುದಿಲ್ಲ, ಅಷ್ಟೇ. ಟೆರೇಸಿಗೂ ಅಂಗಳಕ್ಕೂ ನಡುವೆ ಗುರುತ್ವಾಕರ್ಷಣೆ ರಜೆ ಹಾಕಿತ್ತಾ?

'ಮಾವ, ವಿಡಿಯೋ ಮಿಸ್ಸಿಗೆ ತೋರಿಸಲಾ?' ಅಂತ ಕೇಳುತ್ತಿದ್ದಾಳೆ. ಅಕ್ಕ ಅಡುಗೆಮನೆಯಿಂದಲೇ 'ಬೇಡ' ಅಂದಳು. ನಾನು ಬಾಯಿ ಮುಚ್ಚಿಕೊಂಡು ಇನ್ನೊಂದು ಬಾಟಲಿಗೆ ದಬ್ಬಳ ಕಾಯಿಸುತ್ತಿದ್ದೇನೆ.