ಫಿಟ್ಸ್ ಇರೋರ ಮದುವೆ ರದ್ದಾಗುತ್ತಾ? ಸ್ಪಷ್ಟನೆ

"ಮೂರ್ಛೆ ರೋಗ ಇರೋರ ಮದುವೆ ಹಿಂದೂ ವಿವಾಹ ಕಾಯ್ದೆ ಪ್ರಕಾರ ನಡೆಯಲ್ಲ, ಕೋರ್ಟಿಗೆ ಹೋದ್ರೆ ರದ್ದು" ಅಂತ ಒಂದು ಫಾರ್ವರ್ಡ್ ಓಡಾಡ್ತಿದೆಯಲ್ಲ, ಅದು ತಪ್ಪು ಕಣ್ರಪ್ಪ. 1976ರ ತಿದ್ದುಪಡಿಲಿ ಈ ಕಾಯ್ದೆಯ ಮದುವೆ ಷರತ್ತು ಹೇಳೋ 5ನೇ ಸೆಕ್ಷನ್‌ಗೆ ಹುಚ್ಚಿನ ಪಕ್ಕದಲ್ಲೇ ಅಪಸ್ಮಾರ (ಅಂದ್ರೆ ಫಿಟ್ಸ್) ಅನ್ನೋ ಪದಾನೂ ತಂದು ಕೂರಿಸಿದ್ರು ನಿಜ, ಪದೇ ಪದೇ ಫಿಟ್ಸ್ ಬರೋರ ಮದುವೆ ರದ್ದು ಮಾಡ್ಸೋಕೆ ಅದೇ ದಾರಿ ಆಗಿತ್ತು, ಆದ್ರೆ 1999ರಲ್ಲೇ ಆ ಪದ ತೆಗೆದು ಹಾಕಿದ್ದಾರೆ, ಬೇರೆ ಬೇರೆ ಧರ್ಮದೋರೂ ಮದುವೆ ಆಗೋಕಿರೋ ವಿಶೇಷ ವಿವಾಹ ಕಾಯ್ದೆಯಿಂದಾನೂ. ಹಾಗಂತ ಫಿಟ್ಸ್ ಇರೋದನ್ನ ಮುಚ್ಚಿಟ್ಟು ಮದುವೆ ಮಾಡ್ಬೇಡಿ, ಮೋಸ ಅಂತ ಕೇಸ್ ಹಾಕೋ ಚಾನ್ಸ್ ಇರುತ್ತೆ. ಮತ್ತೆ ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡೋದ್ರಿಂದ ಏನೂ ಆಗಲ್ಲ, ಮಗ್ಗುಲಿಗೆ ತಿರುಗಿಸಿ ಮಲಗ್ಸಿ ಸಾಕು.