ಸತ್ಯಾಂಶ: ಟಿಕ್ಸ್ ಕೆಟ್ಟ ಚಟವಲ್ಲ, ಗದರಿಸಿದರೆ ನಿಲ್ಲುವುದಿಲ್ಲ

"ಮಗು ಪದೇ ಪದೇ ಕಣ್ಣು ಮಿಟುಕಿಸುತ್ತಿದ್ದರೆ, ಗಂಟಲಲ್ಲಿ ಸದ್ದು ಮಾಡುತ್ತಿದ್ದರೆ ಅದು ಕೆಟ್ಟ ಚಟ. ಎರಡು ಸಲ ಗದರಿಸಿ, ನಿಲ್ಲುತ್ತದೆ" ಎನ್ನುವ ಫಾರ್ವರ್ಡ್ ಆಗಾಗ ಬರುತ್ತದೆ. ಇದು ತಪ್ಪು.

ಇವು ಟಿಕ್ಸ್ ಆಗಿರಬಹುದು, ಅಂದರೆ ಬೇಕಂತ ಮಾಡದೆಯೂ ಪದೇ ಪದೇ ಬರುವ ಚಲನೆ ಅಥವಾ ಸದ್ದು. ಕಣ್ಣು ಮಿಟುಕಿಸುವುದು, ಭುಜ ಕುಣಿಸುವುದು ಚಲನೆಯ ಟಿಕ್ಸ್. ಮೂಗು ಸೆಳೆಯುವುದು, ಗಂಟಲು ಸರಿಮಾಡಿಕೊಳ್ಳುವುದು, ಪದವೊಂದು ತಾನಾಗಿ ಹೊರಬರುವುದು ದನಿಯ ಟಿಕ್ಸ್. ಮೆದುಳು ಚಲನೆಯನ್ನು ಹತೋಟಿಯಲ್ಲಿಡುವ ರೀತಿಯಲ್ಲಿನ ವ್ಯತ್ಯಾಸಕ್ಕೂ ಇದಕ್ಕೂ ನಂಟಿದೆ. ಕೆಲವು ಕುಟುಂಬಗಳಲ್ಲಿ ಹೆಚ್ಚಾಗಿ ಕಾಣುತ್ತದೆ.

ಮಗು ಸ್ವಲ್ಪ ಹೊತ್ತು ತಡೆದುಕೊಳ್ಳಬಲ್ಲದು. ಅದಕ್ಕೇ ನೋಡುವವರಿಗೆ "ಬೇಕಂತಲೇ ಮಾಡ್ತಿದ್ದಾನೆ" ಅನ್ನಿಸುತ್ತದೆ, ಅಲ್ವಾ? ಆದರೆ ತುಂಬಾ ಜನರಿಗೆ ಟಿಕ್ ಬರುವ ಮುಂಚೆ ಒಳಗೊಂದು ಒತ್ತಡ ಏಳುತ್ತದೆ. ಬರುತ್ತಿರುವ ಸೀನನ್ನು ಹಿಡಿದಿಟ್ಟ ಹಾಗೆ. ತಡೆಯುವುದರಲ್ಲೇ ಮಗುವಿನ ಗಮನವೆಲ್ಲ ಹೋಗುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ. ಗದರಿಸಿದರೆ ಆತಂಕ ಜಾಸ್ತಿ, ಟಿಕ್ಸ್ ಕೂಡ ಜಾಸ್ತಿ. ಪಾಪ, ತಪ್ಪೇ ಮಾಡದ ಮಗುವಿಗೆ ಶಿಕ್ಷೆ.

ಸಾಮಾನ್ಯವಾಗಿ 4ರಿಂದ 7ನೇ ವಯಸ್ಸಿನಲ್ಲಿ ಶುರುವಾಗಿ, 10-12ರ ಹೊತ್ತಿಗೆ ಹೆಚ್ಚಾಗಿ, ಆಮೇಲೆ ಬಹಳಷ್ಟು ಮಕ್ಕಳಲ್ಲಿ ಕಡಿಮೆಯಾಗುತ್ತದೆ. ಹಲವು ಚಲನೆಯ ಟಿಕ್ಸ್ ಜೊತೆ ದನಿಯ ಟಿಕ್ ಕೂಡ ಇದ್ದು, ಒಂದು ವರ್ಷ ದಾಟಿದರೆ ಅದು ಟುರೆಟ್ ಸಿಂಡ್ರೋಮ್ ಇರಬಹುದು. ಟುರೆಟ್ ಇದ್ದವರೆಲ್ಲ ಕೆಟ್ಟ ಮಾತಾಡುತ್ತಾರೆ ಎನ್ನುವುದೂ ಸುಳ್ಳು. ಅದು ಕೆಲವರಲ್ಲಿ ಮಾತ್ರ.

ತೊಂದರೆ ಕೊಡದ ಟಿಕ್ಸ್‌ಗೆ ಚಿಕಿತ್ಸೆಯೇ ಬೇಕಿಲ್ಲ. ಸುಮ್ನೆ ಬಿಟ್ಟುಬಿಡಿ, ಎತ್ತಿ ತೋರಿಸಬೇಡಿ. ನೋವಾಗುತ್ತಿದ್ದರೆ, ಶಾಲೆಯಲ್ಲಿ ಕಷ್ಟವಾಗುತ್ತಿದ್ದರೆ ವೈದ್ಯರಿಗೆ ತೋರಿಸಿ. ಟಿಕ್ ಬರುವ ಸೂಚನೆ ಗುರುತಿಸಿ ಬೇರೆ ಚಲನೆ ಮಾಡಲು ಕಲಿಸುವ ತರಬೇತಿ ಇದೆ, ಬೇಕಾದರೆ ಔಷಧವೂ ಇದೆ.