ಕೆವಿನ್ ಲಸಾನಿಯಾ ಅಂದ್ರೆ ನಗು ಬರುತ್ತಾ?

ಇಟಲಿಯಲ್ಲಿ ಕೆವಿನ್ ಲಸಾನಿಯಾ ಅಂತ ಒಬ್ಬ ಫುಟ್‌ಬಾಲ್ ಆಟಗಾರ ಇದ್ದಾನೆ. 1992ರಲ್ಲಿ ಹುಟ್ಟಿದವನು, ದೇಶದ ತಂಡಕ್ಕೂ ಆಡಿದ್ದಾನೆ. ಮನೆತನದ ಹೆಸರು ಇಟಲಿಯವರು ತಿನ್ನೋ ಲಸಾನಿಯಾದ್ದೇ, ಅಂದರೆ ಪದರ ಪದರವಾಗಿ ಬೇಯಿಸೋ ಪಾಸ್ತಾ. ಕೆವಿನ್ ಮಾತ್ರ ಐರ್ಲೆಂಡಿನ ಗ್ಲೆಂಡಲಾಕ್ ಕಣಿವೆಯ ಸಂತನ ಹೆಸರು. ನಗು ಬಂದರೆ ನಕ್ಕುಬಿಡಿ, ನಾನೂ ನಕ್ಕಿದ್ದೇನೆ. ಆದರೆ "ಇದೆಂಥ ಕಲಬೆರಕೆ ಹೆಸರು" ಅನ್ನುವವರ ಜೊತೆ ನನ್ನ ತಕರಾರಿದೆ.

ಈ ಬೆರಕೆ ನಿನ್ನೆ ಮೊನ್ನೆಯದಲ್ಲ. ಕೊಲಂಬಾನಸ್ ಎಂಬ ಐರಿಷ್ ಸನ್ಯಾಸಿ 614ರ ಸುಮಾರಿಗೆ ಉತ್ತರ ಇಟಲಿಯ ಬೊಬ್ಬಿಯೋದಲ್ಲಿ ಮಠ ಕಟ್ಟಿ, ಅಲ್ಲೇ ತೀರಿಕೊಂಡ. ಅವನ ಹೆಸರಿನಲ್ಲಿ ಮಿಲಾನ್ ಕಡೆ ಒಂದು ಊರೇ ಇದೆ, ಸಾನ್ ಕೊಲಂಬಾನೊ. ದಕ್ಷಿಣದ ಟಾರಂಟೊದವರು ನಂಬಿಕೊಂಡ ಸಂತ ಕಟಾಲ್ಡೊ. ಅವನೂ ಐರ್ಲೆಂಡಿನವನೇ, ಮೂಲ ಹೆಸರು ಕಹಲ್. ಈಗ ಕಟಾಲ್ಡೊ ಅಂದರೆ ಅಪ್ಪಟ ಇಟಾಲಿಯನ್ ಅನ್ನಿಸುತ್ತೆ, ಅಲ್ವಾ?

ಇನ್ನು ಪ್ಯಾಟ್ರಿಕ್. ಐರಿಷ್‌ನವರು ಅಂದ ತಕ್ಷಣ ಎಲ್ಲರಿಗೂ ನೆನಪಾಗುವ ಹೆಸರು. ಅದು ಹುಟ್ಟಿದ್ದು ಲ್ಯಾಟಿನ್‌ನ ಪ್ಯಾಟ್ರಿಶಿಯಸ್‌ನಿಂದ! ನಮ್ಮ ಮಂಗಳೂರಿನ ಕಡೆ ಇದೇ ಪ್ಯಾಟ್ರಿಕ್ ಜೊತೆ ಪೋರ್ಚುಗೀಸ್ ಮನೆತನದ ಹೆಸರಿರುತ್ತೆ. ಅದನ್ನ ಯಾರಾದರೂ ಕಲಬೆರಕೆ ಅಂತಾರಾ?

ಹೆಸರು ನೋಡಿ ರಕ್ತ ಹೇಳುವವರಿಗೆ ಐರಿಷ್ ಲೇಖಕ ಜೇಮ್ಸ್ ಜಾಯ್ಸ್ ಮಕ್ಕಳನ್ನು ತೋರಿಸಬೇಕು. ಡಬ್ಲಿನ್ ಬಿಟ್ಟ ಜಾಯ್ಸ್, ಈಗ ಇಟಲಿಯಲ್ಲಿರುವ ಟ್ರಿಯೆಸ್ಟ್‌ನಲ್ಲಿ ಇಂಗ್ಲಿಷ್ ಪಾಠ ಹೇಳಿಕೊಂಡು ಬದುಕುತ್ತಿದ್ದ. ಆಗ ಅದು ಆಸ್ಟ್ರಿಯಾ-ಹಂಗೆರಿಯ ಊರು, ಬೀದಿಯ ಮಾತು ಜಾಸ್ತಿ ಇಟಾಲಿಯನ್ನೇ. ಅಲ್ಲಿ 1905ರಲ್ಲಿ ಮಗ ಜಾರ್ಜಿಯೊ, 1907ರಲ್ಲಿ ಮಗಳು ಲೂಚಿಯಾ ಹುಟ್ಟಿದರು. ಅಪ್ಪ ಅಮ್ಮ ಇಬ್ಬರೂ ಐರಿಷ್. ಆದರೂ ಮನೆಯಲ್ಲಿ ಮಕ್ಕಳ ಜೊತೆ ಇಟಾಲಿಯನ್ ಮಾತು.

ಇದಕ್ಕೆ ಪೂರ್ತಿ ಉಲ್ಟಾ ರೇಡಿಯೊ ಖ್ಯಾತಿಯ ಗುಲಿಯೆಲ್ಮೊ ಮಾರ್ಕೋನಿ. ಹೆಸರಲ್ಲಿ ಐರ್ಲೆಂಡಿನ ವಾಸನೆಯೂ ಇಲ್ಲ. ತಾಯಿ ಆ್ಯನಿ ಜೇಮ್ಸನ್, ಐರ್ಲೆಂಡಿನ ವಿಸ್ಕಿ ಮನೆತನದವರು. ಅಮೆರಿಕದ ನಟ ಜಾನ್ ಟ್ರವೋಲ್ಟಾ ತಾಯಿಯೂ ಐರಿಷ್ ಮೂಲದವರೇ. ಅಲ್ಲಿ ಇಟಲಿಯವರೂ ಐರಿಷ್‌ನವರೂ ಕೆಲಸಕ್ಕೆ, ಚರ್ಚಿನ ಯಜಮಾನಿಕೆಗೆ ಜಗಳವಾಡಿದರು, ಆಮೇಲೆ ಅದೇ ಕ್ಯಾಥೊಲಿಕ್ ಚರ್ಚುಗಳಲ್ಲಿ ಬೀಗರೂ ಆದರು. ಮಕ್ಕಳಿಗೆ ಬಂದದ್ದು ಅಪ್ಪನ ಮನೆತನದ ಹೆಸರು.

ನನ್ನನ್ನು ಕೇಳಿದರೆ ಅನ್ಯಾಯ ಆಗಿರೋದು ಇಲ್ಲೇ. ಬೆರೆತ ಹೆಸರಿಗೆ ಸುಮ್ನೆ ಮೂಗು ಮುರೀತೀವಿ. ತಾಯಿ ಕಡೆಯ ಹೆಸರು ಪೂರ್ತಿ ಮಾಯವಾದರೆ ಮಾತ್ರ ಯಾರೂ ತುಟಿ ಬಿಚ್ಚೋದಿಲ್ಲ.